ಬೋರಣ್ಣನ ಕೊಲೆಸ್ಟ್ರಾಲ್ ಇಳಿಯಲಿಲ್ಲ

"ಹಿತ್ತಲಲ್ಲಿ ಕಟ್ಟಿದೀವಿ, ಬನ್ನಿ. ಹಿಂದ್ಗಡೆಯಿಂದ ಮಾತ್ರ ಹೋಗ್ಬೇಡಿ, ಒದೀತದೆ," ಎಂದಳು ಸಪ್ಪಲಮ್ಮ.

ಸೈಕಲ್ಲಿಗೆ ಸ್ಟ್ಯಾಂಡ್ ಹಾಕುತ್ತಿದ್ದ ಹುಡುಗ ಬೆಪ್ಪಾಗಿ ನಿಂತ. "ಬೋರಣ್ಣನವರ್ನ ಹಿತ್ತಲಲ್ಲಿ ಯಾಕ್ರೀ ಕಟ್ಟಿಹಾಕಿದೀರಾ?"

ಅವಳು ಅವನನ್ನು ನೋಡಿದಳು. ಅವನು ಅವಳನ್ನು ನೋಡಿದ. ಹಿತ್ತಲಲ್ಲಿ ಎಮ್ಮೆ ಕೂಗಿತು. ಜಗಲಿಯ ಮೇಲೆ ಮುಸುಕು ಹೊದ್ದು ಮಲಗಿದ್ದ ಬೋರಣ್ಣ ಎದ್ದು ಕೂತು, "ಯಾರವ್ವಾ ಅದು, ನನ್ನ ಕಟ್ಟಾಕೋಕೆ ಬಂದಿರೋರು?" ಎಂದು ಕೇಳಿದ.

ತಪ್ಪು ಸಪ್ಪಲಮ್ಮನದಲ್ಲ. ಎಂಬತ್ಮೂರನೇ ಇಸವಿಯಲ್ಲಿ ಸಾರಕ್ಕಿಗೆ ಬೆಳಗಾಗೆದ್ದು ಸೈಕಲ್ ಹಿಂದೆ ಐಸ್ ಡಬ್ಬ ಕಟ್ಟಿಕೊಂಡು, ಬ್ಯಾಗಲ್ಲಿ ಸಿರಿಂಜು ಇಟ್ಟುಕೊಂಡು ಬರುತ್ತಿದ್ದವನು ದನದ ಆಸ್ಪತ್ರೆಯವನೊಬ್ಬನೇ. ಎಮ್ಮೆ ಬೇರೆ ಎರಡು ದಿನದಿಂದ ಬನಶಂಕರಿ ದೇವಸ್ಥಾನಕ್ಕೆ ಕೇಳಿಸುವ ಹಾಗೆ ಕೂಗುತ್ತಿತ್ತು. ಸೂಜಿ ಹಾಕುವವನು ಕೊನೆಗೂ ಬಂದ ಅಂದುಕೊಂಡಿದ್ದಳು ಹುಡುಗಿ.

"ನಾನು ಮನುಷ್ಯರ ರಕ್ತ ತಗೊಳ್ಳೋನು ಮೇಡಂ. ಜಯನಗರದ ಕಾಲೇಜಿಂದ. ವೆಂಕಟಾಚಲ ಅಂತ ಹೆಸರು."

ಮೇಡಂ! ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಸಗಣಿ ತಟ್ಟುತ್ತಿದ್ದವಳನ್ನು ಅದುವರೆಗೆ ಯಾರೂ ಹಾಗೆ ಕರೆದಿರಲಿಲ್ಲ. ಸಪ್ಪಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಾಯಿ ಮುಚ್ಚಬಹುದು, ಕಣ್ಣನ್ನು ಹೇಗೆ ಮುಚ್ಚೋದು? ಅವು ನಗುತ್ತಲೇ ಇದ್ದವು. ಅವನು ಆ ಕಣ್ಣನ್ನೇ ನೋಡುತ್ತಾ ಐಸ್ ಡಬ್ಬದ ಹಗ್ಗ ಬಿಚ್ಚಲು ಹೋಗಿ ಇನ್ನೆರಡು ಗಂಟು ಹಾಕಿದ.

ಈಗ ಬೋರಣ್ಣನ ವಿಚಾರ ಹೇಳಬೇಕು. ಅವನ ಹೊಲವೆಲ್ಲ ಜೆ.ಪಿ. ನಗರ ಬಡಾವಣೆ ಆಗಿಹೋಗಿತ್ತು. ಅವನು ರಾಗಿ ಬಿತ್ತುತ್ತಿದ್ದ ಜಾಗದಲ್ಲಿ ಯಾರೋ ಆಫೀಸರು ಗುಲಾಬಿ ಗಿಡ ನೆಟ್ಟಿದ್ದ. ಉಳಿದದ್ದು ಒಂದು ಹಳೇ ಮನೆ, ನಾಲ್ಕು ಬಾಡಿಗೆ ಮನೆ, ಒಂದು ಎಮ್ಮೆ, ತಾಯಿಯಿಲ್ಲದ ಮಗಳು. ಗೇಯುವುದು ನಿಂತಿತು, ಉಣ್ಣುವುದು ನಿಲ್ಲಲಿಲ್ಲ. ಮದುವೆ ಮನೆಯಲ್ಲಿ ಬೋರಣ್ಣ ಊಟಕ್ಕೆ ಕೂತರೆ ಬಡಿಸುವವರು ಸುಸ್ತಾಗಿ, ಬೇರೆಯವರು ಬಂದು ಸೌಟು ಹಿಡಿಯುತ್ತಿದ್ದರು. ಅವನು ತೇಗಿದರೆ ಕೆರೆ ಏರಿಯ ಮೇಲಿನ ಕೊಕ್ಕರೆಗಳು ಎದ್ದು ಇನ್ನೊಂದು ಕೆರೆಗೆ ಹೋಗುತ್ತಿದ್ದವು ಎನ್ನುತ್ತಾರೆ. ಇಂಥವನು ಒಂದು ದಿನ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ. ಆಸ್ಪತ್ರೆಯಲ್ಲಿ ರಕ್ತ ನೋಡಿ, ಕೊಬ್ಬು ತುಂಬಿಕೊಂಡಿದೆ, ಹೀಗೇ ಬಿಟ್ಟರೆ ಎದೆ ನಿಂತುಹೋಗುತ್ತದೆ ಎಂದರು.

ಅದೇ ಹೊತ್ತಿಗೆ ಜಯನಗರದ ಆ ಕಾಲೇಜಿನಲ್ಲಿ ಡಾಕ್ಟರ್ ಚಕ್ರಪಾಣಿಯವರು ಹೊಳೆಮತ್ತಿ ಮರದ ತೊಗಟೆಯಿಂದ ಒಂದು ಕಷಾಯ ಇಳಿಸಿದ್ದರು. ಅದು ರಕ್ತದ ಕೊಬ್ಬು ಕರಗಿಸುತ್ತದೋ ಇಲ್ಲವೋ ನೋಡಬೇಕಿತ್ತು. ಮೊದಲು ಇಲಿಗೆ ಕೊಟ್ಟು ನೋಡಿದರು. ಈಗ ಮನುಷ್ಯರು ಬೇಕಾಗಿದ್ದರು; ಆಸ್ಪತ್ರೆಯವರು ಬೋರಣ್ಣನ ಹೆಸರು ಬರೆಸಿದ್ದರು. ಒಪ್ಪಿದವರ ಮನೆಗೆ ವಾರಕ್ಕೊಂದು ಬಾಟಲಿ ಕಷಾಯ ತಂದುಕೊಟ್ಟು, ತಿಂಗಳಿಗೊಮ್ಮೆ ರಕ್ತ ತೆಗೆದುಕೊಂಡು ಹೋಗುವುದು ವೆಂಕಟಾಚಲನ ಕೆಲಸ.

"ಇಲಿ ಏನಾದ್ವಪ್ಪ?" ಎಂದು ಕೇಳಿದ ಬೋರಣ್ಣ, ತೋಳು ಚಾಚುತ್ತಾ.

"ಮೊದ್ಲು ಅವಕ್ಕೆ ವನಸ್ಪತಿ ತಿನ್ಸಿ ತಿನ್ಸಿ ದಪ್ಪ ಮಾಡಿದ್ವಿ ಸಾರ್. ಎಷ್ಟು ದಪ್ಪ ಅಂದ್ರೆ, ಕಾಲೇಜಿನ ಬೆಕ್ಕು ಅವನ್ನ ನೋಡಿ ಟ್ರಾನ್ಸ್‌ಫರ್ ತಗೊಂಡು ಹೋಯ್ತು. ಆಮೇಲೆ ಕಷಾಯ ಕುಡಿಸಿದ್ವಿ. ಇಳಿದ್ವು."

"ಹಂಗಾರೆ ನನಗೂ ಮೊದ್ಲು ತಿನ್ನಿಸ್ರಿ!"

"ನಿಮ್ಗೆ ಆ ಭಾಗ ಆಗ್ಲೇ ಮುಗಿದಿದೆ ಸಾರ್."

ಬೋರಣ್ಣ ಮನೆ ನಡುಗುವ ಹಾಗೆ ನಕ್ಕ. ಸೂಜಿ ಒಳಗೆ ಹೋದದ್ದೇ ಅವನಿಗೆ ಗೊತ್ತಾಗಲಿಲ್ಲ. ಹುಡುಗ ಕೈಚಳಕದವನು.

ವೆಂಕಟಾಚಲ ನಿಯಮ ಹೇಳಿದ. ಬೆಣ್ಣೆ, ತುಪ್ಪ, ಮಾಂಸ ಬಂದ್. ಬೆಳಿಗ್ಗೆ ಒಂದು ಗಂಟೆ ವಾಕಿಂಗ್. ರಕ್ತ ಕೊಡುವ ದಿನ ಖಾಲಿ ಹೊಟ್ಟೆ. "ಸತತವಾಗಿ ಎರಡು ಸಲ ಇಳಿದಿದ್ರೆ ನಿಮ್ಮ ಹೆಸರು ತೆಗೀತೀವಿ. ಆಮೇಲೆ ಕಷಾಯ ನೀವೇ ಕಾಲೇಜಿಗೆ ಬಂದು ತಗೋಬೋದು. ನಾನು ಬೇರೆ ಮನೆಗೆ ಹೋಗ್ತೀನಿ."

ಆ ಕೊನೆಯ ಮಾತು ಆವತ್ತು ಸಪ್ಪಲಮ್ಮನ ಕಿವಿಗೆ ಬೀಳಲಿಲ್ಲ. ಅವಳು ಅಪ್ಪನ ತೋಳಿನ ಮೇಲೆ ಹತ್ತಿ ಒತ್ತಿ ಹಿಡಿದಿದ್ದಳು. ಆ ಹತ್ತಿ ಕೊಡುವಾಗ ಅವನ ಬೆರಳು ಅವಳ ಬೆರಳಿಗೆ ತಗುಲಿತ್ತು. ಐಸ್ ಮುಟ್ಟಿ ಬಂದ ಬೆರಳು. ಅಷ್ಟು ತಣ್ಣಗಿದ್ದದ್ದು ಹಾಗೆ ಸುಡುವುದು ಹೇಗೆ ಎಂದು ಅವಳು ಮಧ್ಯಾಹ್ನದವರೆಗೆ ಯೋಚಿಸಿದಳು.

*

ಬಾಟಲಿಯ ದಿನ ಸೋಮವಾರ. ಸಾರಕ್ಕಿಯಲ್ಲಿ ಸೋಮವಾರ ಅಷ್ಟು ಬೇಗ ಬರುತ್ತದೆಂದೂ, ಬಂದಮೇಲೆ ಅಷ್ಟು ಬೇಗ ಹೋಗುತ್ತದೆಂದೂ ಅವಳಿಗೆ ಗೊತ್ತಿರಲಿಲ್ಲ.

"ಎಮ್ಮೆ ಹೇಗಿದೆ ಮೇಡಂ?" ಎಂದು ಶುರುಮಾಡುತ್ತಿದ್ದ.

"ನಿಮ್ಮನ್ನೇ ಕೇಳ್ತಿತ್ತು. ಡಾಕ್ಟ್ರು ಸೂಜಿ ಹಾಕ್ದೆ ಹೋದ್ರಲ್ಲ ಅಂತ ಬೇಜಾರು."

"ಒದೀತದೆ ಅಂದ್ರಲ್ಲ."

"ಎಮ್ಮೆ ಒದೆಯಲ್ಲ. ಮನೆಯೋರು ಒದೀತಾರೆ."

"ಯಾವ ಕಾಲಲ್ಲಿ ಅಂತ ಹೇಳಿದ್ರೆ ಆ ಕಡೆಗೆ ನಿಂತ್ಕೋತೀನಿ."

ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಅವನ ಕಣ್ಣು ಆ ಕಾಲುಂಗುರವಿಲ್ಲದ ಬೆರಳನ್ನು ಅಷ್ಟರಲ್ಲೇ ನೋಡಿ ಆಗಿತ್ತು. ಜಗಲಿಯ ಮೇಲೆ ಬೋರಣ್ಣ ಕಷಾಯ ಕುಡಿದು ಮುಖ ಕಿವುಚಿ, "ಥೂ, ಮರ ನೆಕ್ಕಿದಂಗೈತೆ," ಎಂದ. ಅವನ ಒಂದು ಕಣ್ಣು ಮಾತ್ರ ಮುಚ್ಚಿತ್ತು. ಇನ್ನೊಂದು ಮಗಳ ಮುಖದ ಮೇಲಿತ್ತು.

ವೆಂಕಟಾಚಲ ಬನಶಂಕರಿಯಲ್ಲಿ ತಾಯಿ ಲಕ್ಷ್ಮಿದೇವಮ್ಮನ ಜೊತೆ ಎರಡು ಕೋಣೆಯ ಮನೆಯಲ್ಲಿದ್ದ. ಕಾಲೇಜಿನ ಕೆಲಸ ಇನ್ನೂ ಟೆಂಪರರಿ. ಜಾತಿ ಬೇರೆ. ಇದೆಲ್ಲವನ್ನೂ ಬೋರಣ್ಣನೇ ಕಷಾಯ ಕುಡಿಯುವ ನೆಪದಲ್ಲಿ ಒಂದೊಂದೇ ಗುಟುಕಿಗೆ ಒಂದೊಂದು ಪ್ರಶ್ನೆ ಹಾಕಿ ತಿಳಿದುಕೊಂಡಿದ್ದ.

ಎರಡನೇ ತಿಂಗಳ ರಕ್ತದ ರಿಪೋರ್ಟು ತಂದ ದಿನ ವೆಂಕಟಾಚಲ ಗೇಟಿನಿಂದಲೇ ಕೂಗಿದ. "ಇಳಿದಿದೆ ಸಾರ್! ಸಖತ್ತಾಗಿ ಇಳಿದಿದೆ!"

ಸಪ್ಪಲಮ್ಮ ದೇವರ ಮುಂದೆ ದೀಪ ಹಚ್ಚಿಟ್ಟು ಓಡಿ ಬಂದಳು. ಅಪ್ಪ ಉಳಿದ. ತಾಯಿ ಹೋದಮೇಲೆ ಅವಳಿಗಿದ್ದದ್ದು ಅವನೊಬ್ಬನೇ, ಅವನು ಉಳಿದ. ಅವಳ ಕಣ್ಣು ತುಂಬಿತು.

"ಮುಂದಿನ ಸಲಾನೂ ಹೀಗೇ ಬಂದ್ರೆ ಮುಗೀತು," ಎಂದ ವೆಂಕಟಾಚಲ. ಹೇಳುತ್ತಾ ಹೇಳುತ್ತಾ ಅವನ ದನಿ ಸಣ್ಣದಾಯಿತು. "ಹೆಸರು ತೆಗೀತಾರೆ."

"ತೆಗೆದ್ರೆ?"

"ನಾನು ಬರೋ ಹಾಗಿರಲ್ಲ."

ಗೇಟಿನ ಆಚೆ ಒಂದು ಬಸ್ಸು ಹೋಯಿತು. ಅದು ಎಬ್ಬಿಸಿದ ಧೂಳು ನಿಧಾನವಾಗಿ ಕೂತಿತು. ಆಮೇಲೆ ಅವನು, "ಒಳ್ಳೇದೇ ಅಲ್ವಾ," ಎಂದ. ಅವಳು, "ಹೂಂ, ಒಳ್ಳೇದೇ," ಎಂದಳು.

ಆ ಸಂಜೆ ಅವಳು ಊರ ದೇವತೆಯ ಗುಡಿಗೆ ಹೋಗಿ ಕೈ ಮುಗಿದು ನಿಂತಳು. ತನ್ನ ಹೆಸರಿನದೇ ದೇವತೆ. ಅಪ್ಪನ ಕೊಬ್ಬು ಇಳಿಯಲಿ ತಾಯಿ ಎಂದು ಬೇಡಬೇಕು. ಇಳಿದರೆ ಸೋಮವಾರ ಇಲ್ಲ. ಅವನು ಬರುತ್ತಿರಲಿ ತಾಯಿ ಎಂದು ಬೇಡಬೇಕು. ಬರಬೇಕಾದರೆ ಕೊಬ್ಬು ಇಳಿಯಬಾರದು. ಎರಡನ್ನೂ ಒಟ್ಟಿಗೆ ಬೇಡುವ ಬಾಯಿ ಅವಳಿಗಿರಲಿಲ್ಲ. ಕಾಯಿ ಒಡೆಸಿ, ಏನೂ ಬೇಡದೆ ಮನೆಗೆ ಬಂದಳು.

*

ಮೂರನೇ ತಿಂಗಳು ಕೊಬ್ಬು ಏರಿತು.

"ಆಶ್ಚರ್ಯ," ಎಂದ ವೆಂಕಟಾಚಲ, ತಲೆ ಕೆರೆಯುತ್ತಾ. ಅವನ ಮುಖ ಬಾಡಿರಲಿಲ್ಲ. ಸಪ್ಪಲಮ್ಮನಿಗೆ ಎದೆಯೊಳಗೆ ಏನೋ ಹಗುರಾಗಿ, ಮರುಕ್ಷಣ ನಾಚಿಕೆಯಾಯಿತು. ಅವಳು ಒಳಗೆ ಹೋಗಿ ಸುಮ್ಮಸುಮ್ಮನೆ ಪಾತ್ರೆ ಬೆಳಗಿದಳು.

ಅವಳು ಅಡುಗೆಯಲ್ಲಿ ಏನೂ ಮೋಸ ಮಾಡಿರಲಿಲ್ಲ. ತುಪ್ಪದ ಡಬ್ಬ ಬಾಡಿಗೆಯವರಿಗೆ ಕೊಟ್ಟಾಗಿತ್ತು. ಮುದ್ದೆ, ಸೊಪ್ಪಿನ ಸಾರು, ನೀರುಮಜ್ಜಿಗೆ. ಬೋರಣ್ಣ ಒಂದು ಮಾತು ಗೊಣಗದೆ ಉಣ್ಣುತ್ತಿದ್ದ. ವಾಕಿಂಗ್ ಅಂತೂ ಊರಿಗೇ ಮಾದರಿ. ಕತ್ತಲು ಹರಿಯುವ ಮುಂಚೆ ಮಫ್ಲರ್ ಸುತ್ತಿ, ದೊಣ್ಣೆ ಹಿಡಿದು ಹೊರಟರೆ ಹಾಲಿನವರಿಗೆ ಅವನೇ ಗಡಿಯಾರ. "ಬೋರಣ್ಣ ಫಸ್ಟ್ ಫೇಸಿಂದ ಹಿಡಿದು ಜೆ.ಪಿ. ನಗರದ ಎಲ್ಲಾ ಫೇಸೂ ಅಳೆದುಬಿಟ್ಟ, ಇನ್ನು ಸರ್ಕಾರ ಹೊಸಾ ಫೇಸ್ ಮಾಡ್ಬೇಕು," ಎಂದು ಜನ ತಮಾಷೆ ಮಾಡುತ್ತಿದ್ದರು.

ಈ ನಡುವೆ ಕುಮಾರಸ್ವಾಮಿ ಲೇಔಟ್ ಕಡೆಯಿಂದ ಸೋದರತ್ತೆ ಸೊಣ್ಣಮ್ಮ ಎರಡು ಸಲ ಬಂದು ಹೋದಳು. ಅವಳ ಮಗ ಪಾಪಯ್ಯನಿಗೆ ಸಪ್ಪಲಮ್ಮನನ್ನು ತರಬೇಕೆಂಬುದು ತೊಟ್ಟಿಲಲ್ಲೇ ಆದ ಮಾತು.

"ಇಟ್ಟಿಗೆ ಗೂಡು ಹಾಕ್ಕೊಂಡವ್ನೆ ನನ್ ಮಗ. ಇನ್ನೇನು ಕಾಯ್ತಿದೀಯ ಅಣ್ಣಾ? ನಾಳೆ ನಿನಗೇನಾದ್ರೂ ಆದ್ರೆ?"

"ನನಗೇನಾಗ್ತದೆ? ಮರದ ರಸ ಕುಡೀತಿವ್ನಿ. ಮರಾನೇ ಆಗೋಗ್ತೀನಿ," ಎಂದು ಬೋರಣ್ಣ ಮಾತು ಹಾರಿಸಿದ. ಅವನು ತಂಗಿಗೆ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಬಾಗಿಲ ಹಿಂದೆ ನಿಂತಿದ್ದ ಮಗಳನ್ನು ಮಾತ್ರ ಓರೆಗಣ್ಣಲ್ಲಿ ನೋಡಿದ.

ತಿಂಗಳು ತಿಂಗಳು ರಕ್ತ ಹೋಯಿತು, ಕೊಬ್ಬು ಇಳಿಯಲಿಲ್ಲ. ವೆಂಕಟಾಚಲ ಬಂದ. ಬರುತ್ತಲೇ ಇದ್ದ. ಒಮ್ಮೆ ಜಯನಗರ ಕಾಂಪ್ಲೆಕ್ಸಿನಿಂದ ಒಂದು ಮೊಳ ಕನಕಾಂಬರ ತಂದು, ಬಾಟಲಿಗಳ ನಡುವೆ ಇಟ್ಟು, "ಇದೂ ಎಕ್ಸ್‌ಪೆರಿಮೆಂಟೇ. ಮುಡ್ಕೊಂಡ್ರೆ ಏನಾಗುತ್ತೆ ಅಂತ ನೋಡ್ಬೇಕು," ಎಂದ.

"ಯಾರಿಗೆ ಏನಾಗುತ್ತೆ?"

"ನನಗೆ."

ಅವಳು ಮುಡಿದುಕೊಂಡು ಬಂದು ನಿಂತಳು. ಅವನು ನೋಡಿದ. ನೋಡಿದವನೇ ಸೈಕಲ್ ಹತ್ತಿ, ಐಸ್ ಡಬ್ಬ ಅಲ್ಲೇ ಬಿಟ್ಟು ಹೊರಟುಹೋದ. ಸಾರಕ್ಕಿ ಸರ್ಕಲ್ ತನಕ ಹೋಗಿ ವಾಪಸ್ ಬಂದ. "ಏನಾಯ್ತು ರಿಸಲ್ಟು?" ಎಂದು ಅವಳು ಡಬ್ಬ ಕೊಡುತ್ತಾ ಕೇಳಿದಳು. "ನೋಡಿದ್ರಲ್ಲ," ಎಂದ ಅವನು, ಕಿವಿಯವರೆಗೆ ಕೆಂಪಾಗಿ.

*

ಮಾಘದ ಚಳಿ. ರಕ್ತ ತೆಗೆಯುವ ದಿನ. ಎದ್ದು ನೋಡಿದರೆ ಅಪ್ಪನ ಮಫ್ಲರ್ ಗೂಟದ ಮೇಲೇ ಇತ್ತು. ಅವನು ವಾಕಿಂಗಿಗೆ ಹೋಗಿ ಆಗಿತ್ತು. ಎದೆಗೆ ಗಾಳಿ ಹೊಡೆದೀತೆಂದು ಸಪ್ಪಲಮ್ಮ ಮಫ್ಲರ್ ಹಿಡಿದು ಹಿಂದೆಯೇ ಹೊರಟಳು. ಕೆರೆ ಏರಿಯ ಮೇಲೆ ಅವನಿಲ್ಲ. ಜೆ.ಪಿ. ನಗರದ ಫೇಸುಗಳ ಕಡೆಗೂ ಇಲ್ಲ. ಮಾರ್ಕೆಟ್ಟಿನ ಹಿಂದೆ ಮುನಿಯಣ್ಣನ ಕಾಲು ಸೂಪಿನ ಅಂಗಡಿಯಲ್ಲಿ ಲಾಟೀನು ಉರಿಯುತ್ತಿತ್ತು. ಒಲೆಯ ಪಕ್ಕದ ಬೆಂಚಿನ ಮೇಲೆ ಗೋಡೆಯಷ್ಟು ಅಗಲದ ಒಂದು ಬೆನ್ನು.

"ಇನ್ನೊಂದು ಸೌಟು ಜಿಡ್ಡು ಹಾಕ್ ಕಣ್ಲಾ ಮುನಿಯಾ. ಮೇಲಿಂದು ಹಾಕು."

"ಸಾಕು ಕಣಣ್ಣೋ. ಹೋದ್ ಸಲಾನೇ ನೀನು ಕೂತಲ್ಲೇ ಬೆವತುಬಿಟ್ಟಿದ್ದೆ," ಎನ್ನುತ್ತಿದ್ದ ಮುನಿಯಣ್ಣ ತಲೆ ಎತ್ತಿದವನು ಬಾಗಿಲಲ್ಲಿ ನಿಂತವಳನ್ನು ನೋಡಿ ಸೌಟನ್ನು ಹಾಗೇ ಹಿಡಿದುಕೊಂಡ.

ಬೋರಣ್ಣ ತಿರುಗಿದ. ಮೀಸೆಯ ಮೇಲೆ ಜಿಡ್ಡು. ಕದ್ದು ಸಿಕ್ಕಿಬಿದ್ದ ಮಗುವಿನ ಮುಖ.

"ಇದೇನಪ್ಪ ನಿನ್ನ ವಾಕಿಂಗು?"

"ಬರೋವಾಗ ನಡ್ಕೊಂಡೇ ಬಂದೆ ಕಣವ್ವಾ," ಎಂದ ಬೋರಣ್ಣ.

ಅವಳು ನಗಲಿಲ್ಲ. ತಟ್ಟೆ ಕಿತ್ತುಕೊಂಡು ಬೆಂಚಿನ ಮೇಲೆ ಕುಕ್ಕಿದಳು. "ಸಾಯ್ಬೇಕು ಅಂತಿದೀಯಾ? ನಾನು ದಿನಾ ಉಪ್ಪುಸಾರು ಮಾಡಿ ಇಕ್ಕೋದು ಯಾಕೆ? ಆ ಮನುಷ್ಯ ಬನಶಂಕರಿಯಿಂದ ಸೈಕಲ್ ತುಳ್ಕೊಂಡು ಬರೋದು ಯಾಕೆ?"

"ಅದುಕ್ಕೇ," ಎಂದ ಬೋರಣ್ಣ.

"ಯಾವುದುಕ್ಕೆ?"

ಬೋರಣ್ಣ ಪಂಚೆಯ ತುದಿಯಿಂದ ಮೀಸೆ ಒರೆಸಿಕೊಂಡ. ಮುನಿಯಣ್ಣ ಒಲೆಯ ಕಡೆ ತಿರುಗಿ, ಉರಿಯುತ್ತಿದ್ದ ಬೆಂಕಿಯನ್ನು ಸುಮ್ಮನೆ ಊದತೊಡಗಿದ.

"ಕೊಬ್ಬು ಇಳಿದ್ರೆ ಹುಡುಗ ಬರಲ್ವಲ್ಲವ್ವಾ. ಆವತ್ತು ಅವನು ಹಂಗಂದಾಗ ನಿನ್ ಮುಖ ನೋಡ್ದೆ. ನಿಮ್ಮವ್ವ ಹೋದಾಗ ಹಂಗಾಗಿತ್ತು ನಿನ್ ಮುಖ. ಒಂದು ಎತ್ತು ತರೋನು ಒಂದು ಹೊಲ ಉತ್ತು ನೋಡ್ತಾನೆ. ಮಗಳನ್ನ ಕೊಡೋನು ಒಂದೀಟು ದಿನ ನೋಡ್ಬ್ಯಾಡ್ವಾ? ಬೇರೆ ಜನ. ತಂಗೀಗೆ ಬೇರೆ ಇಲ್ಲ ಅನ್ಬೇಕು. ಅವನು ಬತ್ತಿದ್ರೆ ತಾನೇ ನೋಡೋದು?"

"ನೋಡಿ ಆಯ್ತಾ?"

"ಆಯ್ತು. ಬಂಗಾರ. ಯುಗಾದಿ ಕಳೀಲಿ, ನಾನೇ ಅವರ ಮನೆಗೆ ಹೋಗಿ ಆ ಲಕ್ಷ್ಮಿದೇವಮ್ಮನ ಕೈಲಿ ಮಾತಾಡ್ತೀನಿ. ಆಮೇಲೆ ನೀನು ಬೇವಿನ ಸೊಪ್ಪೇ ಹಾಕು, ತಿಂತೀನಿ. ಇನ್ನೊಂದೀಟು ದಿನ ಸುಮ್ಕಿರು."

ಅವಳು ಬೈಯಬೇಕಿತ್ತು. ಮುನಿಯಣ್ಣನ ಮಡಕೆ ಒಡೆಯಬೇಕಿತ್ತು. ಅಲ್ಲಿಂದಲೇ ಸೀದಾ ಹೋಗಿ ವೆಂಕಟಾಚಲನಿಗೆ ಹೇಳಬೇಕಿತ್ತು. ಅವಳು ಅಪ್ಪನ ಕುತ್ತಿಗೆಗೆ ಮಫ್ಲರ್ ಸುತ್ತಿ ಮನೆಗೆ ಕರೆದುಕೊಂಡು ಬಂದಳು. ದಾರಿಯುದ್ದಕ್ಕೂ ಅವಳ ಎದೆಯೊಳಗೆ ಒಂದೇ ಮಾತು: ಬಂಗಾರ ಅಂದ. ಅಪ್ಪ ಬಂಗಾರ ಅಂದ. ಬಿಸಿಲು ಏರಿದಾಗ ಗೇಟಿನ ಹತ್ತಿರ ಸೈಕಲ್ ಬೆಲ್ಲು ಕೇಳಿ ಅವಳ ಕಾಲು ನೆಲ ಮುಟ್ಟಲಿಲ್ಲ.

ವೆಂಕಟಾಚಲ ಬೋರಣ್ಣನ ತೋಳಿಗೆ ರಬ್ಬರು ಕಟ್ಟುತ್ತಾ ಕೇಳಿದ. "ಏನೂ ತಿಂದಿಲ್ಲ ತಾನೇ ಸಾರ್?"

"ನೀರೂ ಮುಟ್ಟಿಲ್ಲ ಸಾಮಿ."

ವೆಂಕಟಾಚಲ ತಲೆ ಎತ್ತಿ ಸಪ್ಪಲಮ್ಮನನ್ನು ನೋಡಿದ. ಯಾವತ್ತೂ ಕೇಳದವನು ಆವತ್ತು ಅವಳನ್ನು ಕೇಳಿದ. "ಇಲ್ಲ ತಾನೇ?"

"ಇಲ್ಲ," ಎಂದಳು ಸಪ್ಪಲಮ್ಮ.

ಅವನಿಗೆ ಅವಳ ಕಣ್ಣಿನಿಂದ ಕಣ್ಣು ಕೀಳಲು ಸ್ವಲ್ಪ ಹೊತ್ತು ಹಿಡಿಯಿತು. ಸೂಜಿ ಚುಚ್ಚಿದ. ಹೋಗುವಾಗ ಗೇಟಿನ ಹತ್ತಿರ ತಿರುಗಿ, ಮೊದಲ ಸಲ ಅವಳ ಹೆಸರು ಹಿಡಿದು, "ಬರ್ತೀನಿ ಸಪ್ಪಲಾ," ಎಂದ. ಅಷ್ಟು ದಿನದ ಮೇಡಂ ಹೋಗಿ ಆ ಹೆಸರು ಬಂದದ್ದಕ್ಕೆ ಅವಳಿಗೆ ಇಡೀ ಸಾರಕ್ಕಿಯನ್ನು ತಬ್ಬಿಕೊಳ್ಳುವ ಹಾಗಾಯಿತು.

*

ಯುಗಾದಿಗೆ ಇನ್ನೂ ಸ್ವಲ್ಪ ದಿನ ಇತ್ತು. ಬೇವು ಆಗತಾನೇ ಚಿಗುರಿತ್ತು.

ಹಾಲಿನವರು ಬಂದು ಹೇಳಿದರು. ಬೋರಣ್ಣ ಕೆರೆ ಏರಿಯ ಮೇಲೆ ಕೂತಿದ್ದಾನೆ, ಕರೆದರೆ ಮಾತಾಡುತ್ತಿಲ್ಲ. ಸಪ್ಪಲಮ್ಮ ಓಡಿದಳು. ಅವನು ಕಲ್ಲಿಗೆ ಒರಗಿ, ದೊಣ್ಣೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ನೀರಿನ ಕಡೆ ಮುಖ ಮಾಡಿ ಕೂತಿದ್ದ. ದೂರದಿಂದ ನೋಡಿದರೆ ಯಾರಿಗೋ ಕಥೆ ಹೇಳುತ್ತಾ ಮಧ್ಯದಲ್ಲಿ ಮರೆತ ಮಾತು ನೆನಪು ಮಾಡಿಕೊಳ್ಳುತ್ತಿರುವ ಹಾಗಿತ್ತು. ಅವಳು ಹತ್ತಿರ ಕೂತು, "ಅಪ್ಪಾ, ಏಳಪ್ಪಾ," ಎಂದು ಕೆನ್ನೆ ಮುಟ್ಟಿದಳು. ಅಷ್ಟು ದೊಡ್ಡ ಮೈಯಲ್ಲಿ ಎಲ್ಲೂ ಬಿಸಿ ಇರಲಿಲ್ಲ.

ಆವತ್ತು ಸೋಮವಾರ. ವೆಂಕಟಾಚಲ ಬಾಟಲಿ ಹಿಡಿದು ಬಂದಾಗ ಮನೆ ಮುಂದೆ ಜನ ಸೇರಿದ್ದರು, ತಮಟೆ ಬಡಿಯುತ್ತಿದ್ದರು. ಅವನು ಸೈಕಲ್ ಬಿಟ್ಟದ್ದು ಬಿದ್ದೇಹೋಯಿತು. ಹೊಳೆಮತ್ತಿಯ ಕಷಾಯ ಗೇಟಿನ ಮುಂದೆ ಹರಿದು ಧೂಳಿನಲ್ಲಿ ಇಂಗಿತು. ಅವನು ಹೆಗಲು ಕೊಡಲು ಮುಂದೆ ಬಂದ. ಸೊಣ್ಣಮ್ಮನ ಮಗ ಪಾಪಯ್ಯ ಒಂದು ಕ್ಷಣ ನೋಡಿ ಜಾಗ ಬಿಟ್ಟ.

ಸಪ್ಪಲಮ್ಮ ವೆಂಕಟಾಚಲನ ಕಡೆ ನೋಡಲಿಲ್ಲ.

*

ತಿಥಿ ಮುಗಿದ ಮೇಲೆ ಸೊಣ್ಣಮ್ಮ ಅಲ್ಲೇ ಉಳಿದಳು. ಸಾವಾದ ಮನೆಯಲ್ಲಿ ವರ್ಷದೊಳಗೆ ಮದುವೆ ಆಗಬೇಕು, ಇಲ್ಲದಿದ್ದರೆ ಮತ್ತೆ ವರ್ಷಗಟ್ಟಲೆ ಕಾಯಬೇಕು ಎಂದು ಬಂದವರ ಹತ್ತಿರವೆಲ್ಲ ಹೇಳುತ್ತಿದ್ದಳು. ಸಪ್ಪಲಮ್ಮ ಕೇಳಿಸಿಕೊಂಡಳು. ಯಾರು ಏನು ಹೇಳಿದರೂ ಕೇಳಿಸಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ವೆಂಕಟಾಚಲ ಬಂದ. ಸೈಕಲ್ಲಿಲ್ಲ, ಡಬ್ಬವಿಲ್ಲ. ನಡೆದುಕೊಂಡು ಬಂದಿದ್ದ. ಸೊಣ್ಣಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, "ಕಾಲೇಜಿನೋರು ಬಂದವ್ರೆ ಕಣೇ," ಎಂದು ಒಳಗೆ ಹೋದಳು. ಅವರಿಬ್ಬರೂ ಹಿತ್ತಲಿನಲ್ಲಿ ಎಮ್ಮೆಯ ಪಕ್ಕ ನಿಂತರು.

"ನಮ್ಮಮ್ಮನಿಗೆ ಹೇಳಿದೀನಿ," ಎಂದ. "ಒಪ್ಪಿದಾರೆ. ಮೊದ್ಲೇ ಹೇಳ್ಬೇಕಿತ್ತು, ಧೈರ್ಯ ಬರ್ಲಿಲ್ಲ. ಸಪ್ಪಲಾ, ನೀನು ಹೂಂ ಅನ್ನು. ನಿಮ್ಮತ್ತೆ ಹತ್ರ ನಾನೇ ಮಾತಾಡ್ತೀನಿ."

ಅವಳು ಎಮ್ಮೆಯ ಕುತ್ತಿಗೆ ಸವರುತ್ತಾ ನಿಂತಿದ್ದಳು. ಅದೆಷ್ಟು ಸೋಮವಾರ ಈ ಮಾತಿಗೆ ಕಾದಿದ್ದಳೋ. ಬಂತು. ಇಷ್ಟು ಮೆತ್ತಗೆ, ಇಷ್ಟು ಚೆನ್ನಾಗಿ ಬಂತು.

"ಒಂದು ಹೇಳ್ತೀನಿ, ಕೇಳಿ," ಎಂದಳು. "ನಮ್ಮಪ್ಪ ವಾಕಿಂಗ್ ಹೋಗ್ತಿರ್ಲಿಲ್ಲ. ಮುನಿಯಣ್ಣನ ಅಂಗಡೀಲಿ ಕೂತು ಸೂಪು ಕುಡೀತಿದ್ದ. ರಕ್ತ ಕೊಡೋ ದಿನಾನೂ. ಕೊಬ್ಬು ಇಳಿದ್ರೆ ನೀವು ಬರಲ್ಲ ಅಂತ. ನನಗೋಸ್ಕರ. ನನಗೆ ಗೊತ್ತಾಯ್ತು. ಗೊತ್ತಾದ್ಮೇಲೂ ನಿಮ್ಮ ಮುಖ ನೋಡಿ 'ಇಲ್ಲ' ಅಂದೆ."

ಅವನು ಬೆಚ್ಚಿಬೀಳಲಿಲ್ಲ. ಅದೇ ಅವಳನ್ನು ಬೆಚ್ಚಿಸಿತು.

"ನನಗೂ ಗೊತ್ತಿತ್ತು," ಎಂದ ವೆಂಕಟಾಚಲ.

ಎಮ್ಮೆ ಬಾಲದಿಂದ ನೊಣ ಓಡಿಸಿತು.

"ರಕ್ತ ಮೆಷಿನ್‌ನಲ್ಲಿ ತಿರುಗಿಸ್ತೀವಿ. ಕೆಂಪು ಕೆಳಗೆ ಕೂರುತ್ತೆ, ಮೇಲೆ ತಿಳಿ ನಿಲ್ಲುತ್ತೆ. ಖಾಲಿ ಹೊಟ್ಟೆಯೋರ್ದು ಹಳದಿ ನೀರಿನ ಥರ ಇರುತ್ತೆ. ನಿಮ್ಮಪ್ಪಂದು ಹಾಲಿನ ಥರ ಬೆಳ್ಳಗಿರ್ತಿತ್ತು. ಜಿಡ್ಡು ತಿಂದು ಬಂದೋರ್ದು ಹಾಗಾಗೋದು. ಮೂರನೇ ತಿಂಗಳಿಂದ್ಲೇ ನೋಡ್ದೆ. ಡಾಕ್ಟರ್ ಚಕ್ರಪಾಣಿಯವರಿಗೆ ಹೇಳಿದ್ರೆ, ಪಥ್ಯ ಮಾಡದೋರು ಬೇಡ ಅಂತ ಹೆಸರು ತೆಗೀತಿದ್ರು. ತೆಗೆದ್ರೆ..." ಅವನು ಎಮ್ಮೆಯ ಹಗ್ಗ ಹಿಡಿದುಕೊಂಡ. "ಹೇಳ್ಲಿಲ್ಲ. ಆವತ್ತು ನಿನ್ನ ಕೇಳ್ದೆ. ನೀನು ಹೂಂ, ತಿಂದಿದಾರೆ ಅಂದಿದ್ರೆ, ನಿಮ್ಮಪ್ಪನಿಗೆ ಕೈಮುಗಿದು ನಿಲ್ಲಿಸ್ತಿದ್ದೆ. ಇಲ್ಲ ಅಂದೆ. ನನಗೆ ಸಂತೋಷ ಆಯ್ತು. ಇವಳಿಗೂ ನಾನು ಬೇಕು ಅಂತ ಗೊತ್ತಾಗಿ ಸಂತೋಷ ಆಯ್ತು ಕಣೇ."

ಸಪ್ಪಲಮ್ಮ ಮಣ್ಣಿನ ಮೇಲೆ ಕೂತುಬಿಟ್ಟಳು. ಒಂದು ಮನೆಯಲ್ಲಿ ಮೂರು ಜನ. ಮೂವರಿಗೂ ಗೊತ್ತು. ಮೂವರೂ ಒಬ್ಬರಿಗೊಬ್ಬರು ಒಳ್ಳೆಯದೇ ಬಯಸಿದರು. ಒಬ್ಬರಾದರೂ ಸ್ವಲ್ಪ ಕಡಿಮೆ ಪ್ರೀತಿಸಿದ್ದರೆ ಅಪ್ಪ ಈಗ ಜಗಲಿಯ ಮೇಲೆ ಕೂತು ಕಷಾಯಕ್ಕೆ ಬೈಯುತ್ತಿರುತ್ತಿದ್ದ.

"ಡಾಕ್ಟರ್‌ಗೆ ಎಲ್ಲಾ ಹೇಳ್ಬಿಟ್ಟೆ," ಎಂದ ಅವನು. "ನಾಳೆಯಿಂದ ಬರ್ಬೇಡ ಅಂದ್ರು. ಹೋಗ್ಲಿ ಬಿಡು. ಬೇರೆ ಕೆಲಸ ಸಿಗುತ್ತೆ. ಸಪ್ಪಲಾ, ಆಗಿದ್ದು ಆಯ್ತು. ನಿಮ್ಮಪ್ಪ ಬಯಸಿದ್ದೂ ಇದನ್ನೇ ತಾನೇ?"

"ಬಯಸಿದ್ದು ಇದನ್ನೇ. ಬಂಗಾರ ಅಂದ ನಿಮ್ಮನ್ನ." ಅವಳು ತಲೆ ಎತ್ತಿದಳು. "ಅದುಕ್ಕೇ ಆಗಲ್ಲ ರೀ. ನಾಳೆ ನಾವಿಬ್ರೂ ಒಂದು ಮನೇಲಿ ಉಣ್ಣೋಕೆ ಕೂರ್ತೀವಿ. ನೀವು ತುತ್ತು ಎತ್ತೋವಾಗ ನಾನು ನಿಮ್ಮ ಕೈ ನೋಡ್ತೀನಿ. ನಾನು ಬಡಿಸೋವಾಗ ನೀವು ನನ್ನ ಮುಖ ನೋಡ್ತೀರ. ಇಬ್ಬರಿಗೂ ನೆನಪಾಗೋದು ಒಂದೇ. ಬಾಯಿಬಿಟ್ಟು ಹೇಳಲ್ಲ, ನಮಗೆ ಸುಮ್ಕಿರೋದು ಚೆನ್ನಾಗಿ ಅಭ್ಯಾಸ ಆಗೈತಲ್ಲ. ಹಂಗೇ ಮುದುಕರಾಗ್ತೀವಿ."

"ಕಾಲ ಕಳೆದ್ರೆ ಕಮ್ಮಿ ಆಗುತ್ತೆ."

"ಕಮ್ಮಿ ಆಗೋದು ಬ್ಯಾಡ ನನಗೆ. ನಮ್ಮಪ್ಪ ನನಗೋಸ್ಕರ ಸತ್ತಿರೋದು ಕಮ್ಮಿ ಆಗೋದು ಬ್ಯಾಡ."

ಅವನು ಅವಳ ಎದುರಿಗೆ ಮಣ್ಣಿನ ಮೇಲೇ ಕೂತ. ಒಳಗಿನಿಂದ ಸೊಣ್ಣಮ್ಮ ಸುಮ್ಮನೆ ಎರಡು ಸಲ ಕೆಮ್ಮಿದಳು. ಅವನು ಕೈ ಚಾಚಿದ. ಅವಳು ಆ ಕೈ ಹಿಡಿದುಕೊಂಡಳು, ಇಷ್ಟು ದಿನದಲ್ಲಿ ಮೊದಲ ಸಲ ಪೂರ್ತಿಯಾಗಿ, ಎರಡೂ ಕೈಯಿಂದ. ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ಅವನ ಅಂಗೈ ಒದ್ದೆಯಾಯಿತು. ಆಮೇಲೆ ಬಿಟ್ಟಳು.

"ಪಾಪಯ್ಯನನ್ನ ಮದ್ವೆ ಆಗ್ತೀಯಾ?"

"ಗೊತ್ತಿಲ್ಲ. ಕೇಳ್ಬೇಡಿ."

ಅವನು ಎದ್ದ. ಪ್ಯಾಂಟಿನ ಮಣ್ಣು ಕೊಡವಲಿಲ್ಲ. ಹಿತ್ತಲ ಬಾಗಿಲ ತನಕ ಹೋಗಿ, ತಿರುಗದೆ, ಚಿಲಕದ ಮೇಲೆ ಕೈಯಿಟ್ಟು ನಿಂತ.

"ನಾನು ಕಾಯ್ತೀನಿ ಸಪ್ಪಲಾ. ಎಷ್ಟು ವರ್ಷ ಆದ್ರೂ."

"ಕಾಯ್ಬೇಡಿ," ಎಂದಳು ಅವಳು. "ದಮ್ಮಯ್ಯ, ಕಾಯ್ಬೇಡಿ. ನೀವು ಕಾಯ್ತಿದೀರ ಅಂತ ಗೊತ್ತಾದ್ರೆ ನಾನು ಬಂದ್ಬಿಡ್ತೀನಿ."

ಚಿಲಕ ತೆಗೆದ ಸದ್ದಾಯಿತು. ಸಪ್ಪಲಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಬಾಗಿಲು ಮುಚ್ಚಿದ ಮೇಲೂ, ಅವನ ಹೆಜ್ಜೆ ಬನಶಂಕರಿಯ ಕಡೆಗೆ ತಿರುಗಿ, ರಸ್ತೆಯ ಬಸ್ಸುಗಳ ಸದ್ದಿನೊಳಗೆ ಸೇರಿಹೋಗುವ ತನಕ, ಅವಳು ಕಣ್ಣು ತೆರೆಯಲಿಲ್ಲ. ತೆರೆದಿದ್ದರೆ ಎದ್ದು ಓಡುತ್ತಿದ್ದಳು.